ಅತ್ತಿಗುಂಡಿಯ ಕಾಪಿಯೂ ತುರ್ಕಿಯ ಅಕ್ಷರಮಾಲೆಯೂ



ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಯ ಕಡೆಗೆ ಏರುವ ರಸ್ತೆಯಲ್ಲಿ ಅತ್ತಿಗುಂಡಿ ಎಂಬ ಸಣ್ಣ ಊರು ಸಿಗುತ್ತದೆ. ಸುತ್ತ ಕಾಫಿ ತೋಟಗಳು, ಮೇಲೆ ಚಂದ್ರದ್ರೋಣ ಪರ್ವತದ ಹುಲ್ಲುಗಾವಲು. ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಅವರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ನಿಮಗೆಲ್ಲ ತಿಳಿದದ್ದೇ. ಇಲ್ಲಿ ಬೆಳೆಯುವ ಅರೇಬಿಕಾ ಕಾಫಿಗೆ 2019ರಲ್ಲಿ ಬಾಬಾಬುಡನ್‌ಗಿರಿಯ ಹೆಸರಿನಲ್ಲೇ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ಐತಿಹ್ಯದ ಪ್ರಕಾರ ಬೀಜ ಅರಬ್ಬಿ ಸಮುದ್ರ ದಾಟಿ ನೇರವಾಗಿ ಬೆಟ್ಟಕ್ಕೆ ಬಂತು. ಆದರೆ ನಾವು ಈಗ ಅದಕ್ಕೆ ಹೇಳುವ ಹೆಸರು ಹಾಗೆ ಬರಲಿಲ್ಲ. ಅದು ತುರ್ಕರ ಬಾಯಿಗೆ ಹೋಗಿ, ಯುರೋಪನ್ನು ಸುತ್ತಿ, ಇಂಗ್ಲಿಷರ ಹಡಗು ಹತ್ತಿ ನಮ್ಮಲ್ಲಿಗೆ ತಲುಪಿತು. ಆ ದಾರಿಯನ್ನು ಹಿಡಿದು ಹೋದರೆ ತುರ್ಕಿ ಭಾಷೆಯ ಉಚ್ಚಾರಣೆಯನ್ನೂ ಅದರ ಅಕ್ಷರಮಾಲೆಯ ವಿಚಿತ್ರ ಇತಿಹಾಸವನ್ನೂ ಸುಲಭವಾಗಿ ತಿಳಿಯಬಹುದು. ಕೊನೆಗೆ ಅದು ನಮ್ಮ ಕನ್ನಡದ ಬಾಗಿಲಿಗೇ ತಂದು ನಿಲ್ಲಿಸುತ್ತದೆ.

ಹೆಸರು ಬಂದ ದಾರಿ

ಅರಬ್ಬಿಯಲ್ಲಿ ಈ ಪಾನೀಯದ ಹೆಸರು ‘ಕಹ್ವಾ’. 1530ರ ದಶಕದಿಂದ ಸುಮಾರು ನೂರು ವರ್ಷ ಯೆಮೆನ್ ಒಟ್ಟೋಮನ್ ತುರ್ಕರ ಆಳ್ವಿಕೆಯಲ್ಲಿತ್ತು. 1550ರ ದಶಕದಲ್ಲಿ ಇಸ್ತಾಂಬುಲ್ ನಗರದಲ್ಲಿ ಕಾಫಿ ಅಂಗಡಿಗಳು ತೆರೆದವು. ಅವನ್ನು ತೆರೆದವರು ಅಲೆಪ್ಪೊ ಮತ್ತು ದಮಾಸ್ಕಸ್ ನಗರಗಳಿಂದ ಬಂದ ಇಬ್ಬರು ಎಂದು ತುರ್ಕಿ ಇತಿಹಾಸಕಾರ ಪೆಚೆವಿ ಬರೆದಿದ್ದಾನೆ. ಅರಬ್ಬಿ ಪದದ ಕೊನೆಯಲ್ಲಿದ್ದ, ತುಟಿ ದುಂಡಗೆ ಮಾಡಿ ಹೇಳುವ ವಕಾರ ತುರ್ಕಿಯಲ್ಲಿಲ್ಲ. ಅಲ್ಲಿರುವುದು ಹಲ್ಲಿಗೆ ತುಟಿ ತಾಗಿಸಿ ಹೇಳುವ ವಕಾರ. ಹೀಗೆ ‘ಕಹ್ವಾ’ ‘ಕಹ್ವೆ’ ಆಯಿತು. ಯುರೋಪಿನವರು ಈ ‘ಹ್ವೆ’ಯನ್ನು ‘ಫೆ’ ಎಂದೂ ‘ಫಿ’ ಎಂದೂ ಮಾಡಿಕೊಂಡರು. ಇಂಗ್ಲಿಷರ ಜೊತೆ ಅದು ನಮ್ಮಲ್ಲಿಗೆ ಬಂದಾಗ, ಆ ತುಟಿಹಲ್ಲಿನ ಧ್ವನಿಗೆ ಕನ್ನಡದಲ್ಲಿ ಅಕ್ಷರವೇ ಇರಲಿಲ್ಲ. ನಮ್ಮ ‘ಫ’ ಎಂದರೆ ಉಸಿರು ಕೂಡಿದ ಪಕಾರ, ಮಹಾಪ್ರಾಣ. ಆದ್ದರಿಂದ ಅಂಗಡಿಯ ಹಲಗೆಯ ಮೇಲೆ ‘ಕಾಫಿ’ ಎಂದು ಬರೆದರೂ ಮಲೆನಾಡಿನ ಮನೆಗಳಲ್ಲಿ ಕೇಳುವುದು ‘ಒಂದ್ ಲೋಟ ಕಾಪಿ ಕುಡೀರಿ’ ಎಂದೇ. ಪರಭಾಷೆಯ ಆ ಧ್ವನಿಯನ್ನು ತೋರಿಸಲೇಬೇಕೆಂದರೆ ‘ಫ’ದ ಕೆಳಗೆ ಎರಡು ಚುಕ್ಕೆ ಇಡುವ ಪದ್ಧತಿಯನ್ನು ಆಮೇಲೆ ಮಾಡಿಕೊಂಡೆವು.

ಪದ ಯಾವ ಬಾಯಿಗೆ ಹೋಗುತ್ತದೋ ಆ ಬಾಯಿಗೆ ತಕ್ಕಂತೆ ಬದಲಾಗುತ್ತದೆ. ಲಿಪಿ ಅಷ್ಟು ಬೇಗ ಬದಲಾಗುವುದಿಲ್ಲ. ತುರ್ಕರ ತೊಡಕು ಇದ್ದದ್ದು ಇಲ್ಲಿಯೇ.

ಹಳೆಯ ಲಿಪಿಯ ತೊಡಕು

ತುರ್ಕಿ ಕುಲದ ಭಾಷೆಗಳಲ್ಲಿ ದೊರೆತಿರುವ ಪ್ರಾಚೀನ ಬರಹಗಳಲ್ಲಿ ಮುಖ್ಯವಾದವು ಇಂದಿನ ಮಂಗೋಲಿಯಾದ ಒರ್ಖೋನ್ ನದಿಯ ಬಳಿಯಿರುವ ಎಂಟನೆಯ ಶತಮಾನದ ಶಿಲಾಶಾಸನಗಳು. ಅವುಗಳ ಲಿಪಿಯೇ ಬೇರೆ. ಡೆನ್ಮಾರ್ಕಿನ ವಿದ್ವಾಂಸ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಅದನ್ನು ಓದಿದ. ಇಸ್ಲಾಂ ಧರ್ಮ ಸ್ವೀಕರಿಸಿದ ಮೇಲೆ ತುರ್ಕರು ಅರಬ್ಬಿ ಲಿಪಿಯನ್ನು ಬಳಸತೊಡಗಿದರು. ಸುಮಾರು ಸಾವಿರ ವರ್ಷ ಅದೇ ನಡೆಯಿತು.

ಅರಬ್ಬಿ ಲಿಪಿ ಅರಬ್ಬಿ ಭಾಷೆಗೆ ಚೆನ್ನಾಗಿ ಹೊಂದುತ್ತದೆ. ಆ ಭಾಷೆಯಲ್ಲಿ ಅರ್ಥದ ಭಾರ ಹೊರುವುದು ಮುಖ್ಯವಾಗಿ ವ್ಯಂಜನಗಳು. ಸ್ವರಗಳು ಕಡಿಮೆ, ಹ್ರಸ್ವ ಸ್ವರಗಳನ್ನು ಬರೆಯದಿದ್ದರೂ ಓದುಗ ಊಹಿಸಿಕೊಳ್ಳುತ್ತಾನೆ. ತುರ್ಕಿಯಲ್ಲಿ ಎಂಟು ಸ್ವರಗಳು. ಒಂದು ಸ್ವರ ತಪ್ಪಿದರೆ ಅರ್ಥವೇ ಬೇರೆ. ಅರಬ್ಬಿ ಲಿಪಿಯ ಒಂದೇ ಒಂದು ಅಕ್ಷರ ತುರ್ಕಿಯ ನಾಲ್ಕು ಸ್ವರಗಳಿಗೆ ದುಡಿಯಬೇಕಾಗಿತ್ತು. ಇದಕ್ಕೊಂದು ಹೆಸರಾಂತ ಉದಾಹರಣೆಯಿದೆ. ‘ಪಾಷಾ ಆದ’ ಎಂಬ ಮಾತಿಗೂ ‘ಪಾಷಾ ಸತ್ತ’ ಎಂಬ ಮಾತಿಗೂ ಹಳೆಯ ಬರಹದಲ್ಲಿ ವ್ಯತ್ಯಾಸವಿರಲಿಲ್ಲ. ಬಾಯಲ್ಲಿ ಹೇಳುವಾಗ ನಾಲಿಗೆಯನ್ನು ಹಿಂದಿಟ್ಟರೆ ಬಡ್ತಿ, ಮುಂದಿಟ್ಟರೆ ಮರಣ. ಕಾಗದದ ಮೇಲೆ ಎರಡೂ ಒಂದೇ. ತಂತಿ ಬಂದವರ ಮನೆಯವರ ಪಾಡನ್ನು ನೀವೇ ಊಹಿಸಿಕೊಳ್ಳಿ!

ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಸುಧಾರಣೆಯ ಮಾತು ಹುಟ್ಟಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಎನ್ವರ್ ಪಾಷಾ ಸೈನ್ಯಕ್ಕಾಗಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುವ ಪದ್ಧತಿ ತಂದ. ಅದು ಗೊಂದಲವನ್ನೇ ಹೆಚ್ಚಿಸಿತು, ಕೈಬಿಡಬೇಕಾಯಿತು.

ಮೂರು ತಿಂಗಳ ಕೆಲಸ

1923ರಲ್ಲಿ ತುರ್ಕಿ ಗಣರಾಜ್ಯವಾಯಿತು. ಮುಂದೆ ಅತಾತುರ್ಕ್ ಎಂದು ಹೆಸರಾದ ಅಧ್ಯಕ್ಷ ಮುಸ್ತಫಾ ಕೆಮಾಲ್ 1928ರಲ್ಲಿ ಹೊಸ ಅಕ್ಷರಮಾಲೆಗಾಗಿ ಒಂದು ಸಮಿತಿ ನೇಮಿಸಿದರು. ಬದಲಾವಣೆಗೆ ಎಷ್ಟು ಕಾಲ ಬೇಕೆಂದು ಅವರು ಕೇಳಿದಾಗ ಸಮಿತಿಯವರು ವರ್ಷಗಳ ಲೆಕ್ಕ ಹೇಳಿದರಂತೆ. ‘ಆದರೆ ಮೂರು ತಿಂಗಳಲ್ಲಿ ಆಗಬೇಕು, ಇಲ್ಲವಾದರೆ ಆಗುವುದೇ ಇಲ್ಲ’ ಎಂಬ ಅರ್ಥದ ಉತ್ತರ ಬಂತೆಂದು ಸಮಿತಿಯ ಸದಸ್ಯರಾಗಿದ್ದ ಪತ್ರಕರ್ತ ಫಾಲಿಹ್ ರಿಫ್ಕಿ ಅತಾಯ್ ನೆನಪಿಸಿಕೊಂಡಿದ್ದಾರೆ. ಎರಡು ಲಿಪಿ ಜೊತೆಜೊತೆಗೆ ನಡೆದರೆ ಜನ ಹಳೆಯದನ್ನಷ್ಟೇ ಓದುತ್ತಾರೆ ಎಂಬುದು ಅಧ್ಯಕ್ಷರ ಲೆಕ್ಕಾಚಾರ.

1928ರ ಆಗಸ್ಟ್ 9ರ ರಾತ್ರಿ ಇಸ್ತಾಂಬುಲಿನ ಉದ್ಯಾನವೊಂದರಲ್ಲಿ ಅವರು ಹೊಸ ಅಕ್ಷರಗಳನ್ನು ಪ್ರಕಟಿಸಿದರು. ನಂತರ ಊರೂರು ಸುತ್ತಿ ತಾವೇ ಕಪ್ಪುಹಲಗೆಯ ಮುಂದೆ ನಿಂತು ಪಾಠ ಹೇಳಿದರು. ಕಯ್ಸೇರಿ ಪಟ್ಟಣದಲ್ಲಿ ತೆಗೆದ ಅಂಥ ಒಂದು ಚಿತ್ರ ಜಗತ್ಪ್ರಸಿದ್ಧ. ನವೆಂಬರ್ 1ರಂದು ಶಾಸನಸಭೆ 1353ನೆಯ ಸಂಖ್ಯೆಯ ಕಾನೂನನ್ನು ಒಪ್ಪಿತು. ಡಿಸೆಂಬರ್ 1ರಿಂದ ಪತ್ರಿಕೆಗಳು, 1929ರ ಜನವರಿ 1ರಿಂದ ಪುಸ್ತಕಗಳು ಹೊಸ ಅಕ್ಷರದಲ್ಲೇ ಅಚ್ಚಾಗಬೇಕಾಯಿತು. ಅದೇ ಜನವರಿಯಲ್ಲಿ ವಯಸ್ಕರಿಗಾಗಿ ‘ರಾಷ್ಟ್ರದ ಶಾಲೆಗಳು’ ತೆರೆದವು. ಓದುಬರಹ ಬಲ್ಲವರೂ ಮತ್ತೆ ಅಕ್ಷರಾಭ್ಯಾಸಕ್ಕೆ ಕೂರಬೇಕಾಯಿತು.

ಅಕ್ಷರ ಕಲಿಯೋಣ

ಹೊಸ ಅಕ್ಷರಮಾಲೆಯಲ್ಲಿ ಒಟ್ಟು 29 ಅಕ್ಷರಗಳು. ಎಂಟು ಸ್ವರ, ಇಪ್ಪತ್ತೊಂದು ವ್ಯಂಜನ. ಆಕಾರ ರೋಮನ್ ಆದರೂ ಧ್ವನಿ ಇಂಗ್ಲಿಷಿನದಲ್ಲ. ಒಂದು ಅಕ್ಷರಕ್ಕೆ ಒಂದು ಧ್ವನಿ, ಬರೆದಂತೆ ಓದು, ಇದು ಅದರ ನಿಯಮ. ಈ ನಿಯಮ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದದ್ದು. ನಮಗೆ ಅಡ್ಡಿಯಾಗುವುದು ನಾವು ಕಲಿತ ಇಂಗ್ಲಿಷ್ ಮಾತ್ರ.

ಮೊದಲು ವ್ಯಂಜನಗಳು. ಇಂಗ್ಲಿಷಿನ ‘ಸಿ’ ಅಕ್ಷರವನ್ನು ಕಂಡರೆ ‘ಜ’ ಎಂದು ಓದಿ. ಅದೇ ಅಕ್ಷರಕ್ಕೆ ಕೆಳಗೆ ಬಾಲವಿದ್ದರೆ ‘ಚ’. ‘ಚಾಯ್’ ಎಂದು ಬರೆಯುವುದು ಇದರಿಂದಲೇ, ಅರ್ಥ ನಮ್ಮ ಚಹಾ. ‘ಎಸ್’ ಅಕ್ಷರಕ್ಕೆ ಬಾಲವಿದ್ದರೆ ‘ಶ’. ‘ಶೆಕೆರ್’ ಎಂದರೆ ಸಕ್ಕರೆ. ಸಂಸ್ಕೃತದ ಶರ್ಕರಾ ಪದ ಫಾರಸಿಯ ದಾರಿಯಲ್ಲಿ ಅಲ್ಲಿಗೆ ಹೋಗಿ ನೆಲೆಸಿದೆ. ತ ಮತ್ತು ದ ನಮ್ಮ ದಂತ್ಯಗಳೇ, ಟ ಡ ಇಲ್ಲ. ಮಹಾಪ್ರಾಣದ ತಂಟೆಯೂ ಇಲ್ಲ. 2022ರಲ್ಲಿ ವಿಶ್ವಸಂಸ್ಥೆಯಲ್ಲಿ ಆ ದೇಶ ತನ್ನ ಹೆಸರನ್ನು ತನ್ನದೇ ಭಾಷೆಯ ರೂಪದಲ್ಲಿ ದಾಖಲಿಸಿಕೊಂಡಿತು. ಅದಕ್ಕೆ ಇಂಗ್ಲಿಷಿನ ‘ಟರ್ಕಿ’ಗಿಂತ ನಮ್ಮ ಹಳೆಯ ‘ತುರ್ಕಿ’ಯೇ ಹತ್ತಿರ ಎಂಬುದನ್ನು ಗಮನಿಸಿ.

ಇನ್ನೊಂದು ಅಕ್ಷರ ಬಹಳ ಸ್ವಾರಸ್ಯದ್ದು. ‘ಜಿ’ ಅಕ್ಷರದ ತಲೆಯ ಮೇಲೆ ಸಣ್ಣ ಬೋಗುಣಿಯಿಟ್ಟಂತೆ ಗುರುತಿದ್ದರೆ ಅದು ‘ಮೃದು ಗಕಾರ’. ಅದನ್ನು ಉಚ್ಚರಿಸುವುದಿಲ್ಲ, ಹಿಂದಿನ ಸ್ವರವನ್ನು ಎಳೆಯುತ್ತಾರೆ ಅಷ್ಟೆ. ನಾವು ದೀರ್ಘದ ಗುರುತಿನಿಂದ ಮಾಡುವ ಕೆಲಸವನ್ನು ಅವರು ಒಂದು ಮೌನದ ಅಕ್ಷರದಿಂದ ಮಾಡಿಸುತ್ತಾರೆ. ಬೆಟ್ಟಕ್ಕೆ ಅವರ ಪದ ‘ದಾ’. ಬರಹದಲ್ಲಿ ಕೊನೆಗೆ ಈ ಮೃದು ಗಕಾರವಿದೆ. 2014ರಲ್ಲಿ ತುರ್ಕಿಯ ಅಧ್ಯಕ್ಷರಾದವರ ಹೆಸರನ್ನು ನಮ್ಮ ಪತ್ರಿಕೆಗಳು ‘ರೆಸೆಪ್ ಎರ್ಡೋಗನ್’ ಎಂದು ಬರೆದದ್ದುಂಟು. ಈಗ ಕಲಿತ ಎರಡು ನಿಯಮ ಹಚ್ಚಿ ನೋಡಿ, ‘ರೆಜೆಪ್ ಎರ್ದೋಆನ್’ ಆಗುತ್ತದೆ. 2023ರ ಫೆಬ್ರವರಿ 6ರ ಭೂಕಂಪದ ಸುದ್ದಿಯಲ್ಲಿ ಬಂದ ಊರು ‘ಕಹ್ರಮಾನ್‌ಮರಾಶ್’. ಬಾಲವನ್ನು ಗಮನಿಸದವರು ಅದನ್ನು ‘ಮರಾಸ್’ ಮಾಡಿದರು. ದೂರದರ್ಶನದ ಸ್ಟುಡಿಯೋಗಳಲ್ಲಿ ದುಡಿಯುವ ನಮ್ಮಂಥವರಿಗೆ ಇದು ಹವ್ಯಾಸದ ವಿಷಯವಲ್ಲ. ಸತ್ತವರ ಊರಿನ ಹೆಸರನ್ನಾದರೂ ಸರಿಯಾಗಿ ಹೇಳುವುದು ಕನಿಷ್ಠ ಮರ್ಯಾದೆ.

ಇನ್ನು ಸ್ವರಗಳು. ವಿಜ್ಞಾನ ಓದಿದವರಿಗೆ ಇಲ್ಲಿ ಹಬ್ಬ. ನಾಲಿಗೆ ಮುಂದೆ ಅಥವಾ ಹಿಂದೆ, ಮೇಲೆ ಅಥವಾ ಕೆಳಗೆ, ತುಟಿ ದುಂಡಗೆ ಅಥವಾ ಅಗಲ. ಎರಡು ಗುಣಿಸು ಎರಡು ಗುಣಿಸು ಎರಡು, ಒಟ್ಟು ಎಂಟು. ಒಂದು ಘನಾಕೃತಿಯ ಎಂಟು ಮೂಲೆಗಳಂತೆ ತುರ್ಕಿಯ ಎಂಟು ಸ್ವರಗಳು. ಇವುಗಳಲ್ಲಿ ಐದು, ಅಂದರೆ ಅ, ಇ, ಉ, ಎ, ಒ, ನಮ್ಮಲ್ಲೂ ಇವೆ. ಅವರ ಅಕಾರವನ್ನು ಮಾತ್ರ ಬಾಯಿ ಇನ್ನಷ್ಟು ತೆರೆದು ಹೇಳಬೇಕು. ಉಳಿದ ಮೂರನ್ನು ಕಲಿಯಬೇಕು.

‘ಎ’ ಎನ್ನುತ್ತಾ ನಾಲಿಗೆಯನ್ನು ಅಲ್ಲಾಡಿಸದೆ, ತುಟಿಯನ್ನು ಮಾತ್ರ ‘ಒ’ ಎನ್ನುವಂತೆ ದುಂಡಗೆ ಮಾಡಿ. ಒಂದು ಸ್ವರ ಸಿಕ್ಕಿತು. ‘ಇ’ ಎನ್ನುತ್ತಾ ತುಟಿಯನ್ನು ‘ಉ’ ಎನ್ನುವಂತೆ ಮಾಡಿ. ಎರಡನೆಯದು ಸಿಕ್ಕಿತು. ಬರಹದಲ್ಲಿ ಈ ಎರಡಕ್ಕೂ ತಲೆಯ ಮೇಲೆ ಎರಡೆರಡು ಚುಕ್ಕೆ. ಮೂರನೆಯದು ಇದಕ್ಕೆ ವಿರುದ್ಧ. ‘ಉ’ ಎನ್ನುತ್ತಾ ತುಟಿಯನ್ನು ಅಗಲ ಮಾಡಬೇಕು. ಬರಹದಲ್ಲಿ ಇದು ಚುಕ್ಕೆಯಿಲ್ಲದ ‘ಐ’. ಚುಕ್ಕೆಯಿದ್ದರೆ ನಮ್ಮ ‘ಇ’, ಇಲ್ಲದಿದ್ದರೆ ಈ ಸ್ವರ. ದೊಡ್ಡಕ್ಷರದಲ್ಲೂ ಈ ಭೇದ ಉಂಟು, ಇಸ್ತಾಂಬುಲ್ ಎಂದು ಬರೆಯುವಾಗ ಮೊದಲ ದೊಡ್ಡಕ್ಷರದ ಮೇಲೆ ಚುಕ್ಕೆ ಇರಲೇಬೇಕು. ಇಂಗ್ಲಿಷಿಗಾಗಿ ಮಾಡಿದ ಕಂಪ್ಯೂಟರುಗಳು ಈ ಒಂದು ಚುಕ್ಕೆಯಲ್ಲಿ ಬಹುಕಾಲ ಎಡವಿದವು.

ಈ ಮೂರನೆಯ ಸ್ವರ ಕಷ್ಟವೆನಿಸಿದರೆ ಇಸ್ತಾಂಬುಲಿಗೆ ಹೋಗಬೇಕಾಗಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೆ ತಲೆಮಾರುಗಳಿಂದ ಘಟ್ಟದ ಕೆಳಗಿನ ತುಳುವರು ಕೆಲಸಕ್ಕೆ ಬಂದಿದ್ದಾರೆ, ಎಷ್ಟೋ ಮಂದಿ ಇಲ್ಲೇ ನೆಲೆಸಿದ್ದಾರೆ. ಅವರು ನೀರಿಗೆ ‘ನೀರ್’, ಮನೆಗೆ ‘ಇಲ್ಲ್’ ಎನ್ನುವಾಗ ಕಿವಿಗೊಟ್ಟು ಕೇಳಿ. ಕೊನೆಯಲ್ಲಿ ಒಂದು ಗಿಡ್ಡ ಸ್ವರವಿದೆ. ಅದು ‘ಉ’ ಅಲ್ಲ, ‘ಇ’ಯೂ ಅಲ್ಲ. ತುರ್ಕರ ಚುಕ್ಕೆಯಿಲ್ಲದ ಅಕ್ಷರದ ಧ್ವನಿಗೆ ಅದು ತೀರ ಹತ್ತಿರ. ‘ಕೊಡವ ತಕ್ಕ್’ ಎಂಬ ಹೆಸರಿನ ಕೊನೆಯಲ್ಲೂ ಇಂಥದೇ ಸ್ವರ. ಬೆಳಗಿನ ತಿಂಡಿಗೆ ತುರ್ಕರು ಹೇಳುವ ಪದವನ್ನು ತುಳುವಿನ ರೀತಿಯಲ್ಲಿ ಬರೆದರೆ ‘ಕಹ್ವಾಲ್ತ್’ ಎಂದಾಗುತ್ತದೆ. ಕಹ್ವೆಗೆ ಮೊದಲು ಹೊಟ್ಟೆಗೆ ಹಾಕುವ ಆಧಾರ ಎಂಬ ಅರ್ಥ. ಕನ್ನಡಿಗರಿಗೆ ಬಾರದ ಈ ಕೊನೆಯ ಸ್ವರ ತುಳು ಕೂಲಿಯವರ ಮಗುವಿಗೆ ಸಲೀಸಾಗಿ ಬರುತ್ತದೆ.

ಈ ಸ್ವರಗಳು ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ. ನಮ್ಮ ‘ಖಜಾಂಚಿ’ ಪದ ನೋಡಿ. ಖಜಾನೆ ಅರಬ್ಬಿಯಿಂದ ಬಂದದ್ದು, ಕೊನೆಯ ‘ಚಿ’ ತುರ್ಕಿ ಪ್ರತ್ಯಯ, ಕಸುಬುದಾರ ಎಂದು ಅರ್ಥ. ತುರ್ಕಿಯಲ್ಲಿ ಕಾಫಿ ಮಾಡಿ ಮಾರುವವನು ‘ಕಹ್ವೆಜಿ’. ಸೌದೆಯವನು ‘ಒದುನ್‌ಜು’. ಹಿಂದೆ ‘ಎ’ ಇದ್ದರೆ ‘ಜಿ’, ‘ಉ’ ಇದ್ದರೆ ‘ಜು’. ಹಾಲಿನವನಿಗೆ ಎರಡು ಚುಕ್ಕೆಯ ಸ್ವರ, ಮೀನಿನವನಿಗೆ ಚುಕ್ಕೆಯಿಲ್ಲದ ಸ್ವರ. ಒಂದೇ ಪ್ರತ್ಯಯ ನಾಲ್ಕು ರೂಪ ತಾಳುತ್ತದೆ. ಅರಬ್ಬಿ ಲಿಪಿ ಮರೆಮಾಡಿದ್ದ ಈ ಚೆಲುವನ್ನು ಹೊಸ ಲಿಪಿ ಕಾಗದದ ಮೇಲೆ ತಂದಿತು. ಪ್ರತ್ಯಯ ಜೋಡಿಸುವ ಕ್ರಮವೂ ನಮ್ಮದರಂತೆಯೇ. ‘ಮನೆಗಳಲ್ಲಿ’ ಎನ್ನಲು ಅವರು ‘ಎವ್-ಲೆರ್-ದೆ’ ಎನ್ನುತ್ತಾರೆ. ಮನೆ, ಗಳು, ಅಲ್ಲಿ, ಅದೇ ವರಸೆ.

ಗಳಿಕೆ ಮತ್ತು ನಷ್ಟ

1927ರ ಜನಗಣತಿಯಲ್ಲಿ ತುರ್ಕಿಯ ಸಾಕ್ಷರರು ನೂರಕ್ಕೆ ಸುಮಾರು 10. 1935ರಲ್ಲಿ ಸುಮಾರು 20. ಇದೆಲ್ಲ ಲಿಪಿಯಿಂದಲೇ ಆಯಿತೆನ್ನುವುದು ಸರಿಯಾಗದು. ಶಾಲೆ ತೆರೆಯದೆ ಅಕ್ಷರ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ತುರ್ಕಿಗಿಂತ ಬಹಳ ಕಠಿಣವಾದ ಲಿಪಿಯನ್ನು ಇಟ್ಟುಕೊಂಡೇ ಜಪಾನ್ ದೇಶ ಸಾಕ್ಷರತೆ ಸಾಧಿಸಿತು. ಆದರೂ ಬರೆದಂತೆ ಓದುವ ಅಕ್ಷರ ಕಲಿಯುವವರ ಹೊರೆಯನ್ನು ಇಳಿಸಿತೆಂಬುದು ನಿಜ.

ನಷ್ಟವೂ ಸಣ್ಣದಲ್ಲ. ಮೊಮ್ಮಕ್ಕಳಿಗೆ ಅಜ್ಜನ ಕಾಗದ ಓದಲು ಬಾರದು, ಅಜ್ಜಿಯ ಗೋರಿಗಲ್ಲಿನ ಮೇಲಿನ ಹೆಸರೂ ತಿಳಿಯದು. ಮುಸ್ತಫಾ ಕೆಮಾಲರು 1927ರಲ್ಲಿ ಮಾಡಿದ ಮಹಾಭಾಷಣ ಮೊದಲು ಅಚ್ಚಾದದ್ದು ಹಳೆಯ ಲಿಪಿಯಲ್ಲೇ. 1932ರಲ್ಲಿ ಅರಬ್ಬಿ, ಫಾರಸಿ ಪದಗಳನ್ನು ಕಳೆಯುವ ಚಳವಳಿ ಮೊದಲಾದ ಮೇಲೆ ಆ ಭಾಷಣವನ್ನು ತುರ್ಕಿಯಿಂದ ತುರ್ಕಿಗೇ ಅನುವಾದಿಸಬೇಕಾಯಿತು. ನಮ್ಮ ನಾಡಿಗೂ ಇದರ ನಂಟುಂಟು. ಟಿಪ್ಪು ಸುಲ್ತಾನನ ರಾಯಭಾರಿಗಳು 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಹೊರಟು 1787ರಲ್ಲಿ ಇಸ್ತಾಂಬುಲ್ ತಲುಪಿದರು. ಅದಕ್ಕೆ ಸಂಬಂಧಿಸಿದ ಕಾಗದಪತ್ರಗಳು ಅಲ್ಲಿನ ಪತ್ರಾಗಾರದಲ್ಲಿವೆ. ಮೈಸೂರಿನ ಸಾಮಾನ್ಯನಿಗೂ ಇಸ್ತಾಂಬುಲಿನ ಸಾಮಾನ್ಯನಿಗೂ ಅವು ಇಂದು ಸಮಾನವಾಗಿ ಅಪರಿಚಿತ.

ಇನ್ನೊಂದು ನಷ್ಟ ಬೇರೆ ತೆರನಾದದ್ದು. ಇಂಗ್ಲಿಷಿನ ‘ಕ್ಯೂ’, ‘ಡಬ್ಲ್ಯೂ’, ‘ಎಕ್ಸ್’ ಎಂಬ ಮೂರು ಅಕ್ಷರಗಳಿಗೆ ಹೊಸ ಅಕ್ಷರಮಾಲೆಯಲ್ಲಿ ಜಾಗವಿರಲಿಲ್ಲ. ತುರ್ಕಿ ಭಾಷೆಗೆ ಅವು ಬೇಕಿಲ್ಲ. ಆದರೆ ಅದೇ ದೇಶದ ಕುರ್ದಿ ಭಾಷೆಗೆ ಬೇಕು. ಈ ಅಕ್ಷರಗಳನ್ನು ಬಳಸಿದ್ದಕ್ಕಾಗಿ ಕುರ್ದರ ಮೇಲೆ ಮೊಕದ್ದಮೆಗಳೂ ನಡೆದವು. ಆ ನಿರ್ಬಂಧವನ್ನು ತೆಗೆಯುವ ಘೋಷಣೆ ಬಂದದ್ದು 2013ರಲ್ಲಿ. ಒಂದು ಭಾಷೆಯ ಬಾಯಿಗೆ ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸಿದರೆ ಹೀಗಾಗುತ್ತದೆ.

ನಮ್ಮ ಮನೆಯ ಮಾತು

ಈ ಪ್ರಶ್ನೆ ಭಾರತಕ್ಕೂ ಬಂದಿತ್ತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ಸುಭಾಷ್ ಚಂದ್ರ ಬೋಸರು ಭಾರತಕ್ಕೆ ರೋಮನ್ ಲಿಪಿ ಒಳ್ಳೆಯದೆಂಬ ಅಭಿಪ್ರಾಯ ಹೇಳಿದರು. 1934ರಲ್ಲಿ ತುರ್ಕಿಗೆ ಹೋಗಿ ಬಂದದ್ದೇ ತಮ್ಮ ಮನಸ್ಸು ಬದಲಾಗಲು ಕಾರಣವೆಂದೂ ತಿಳಿಸಿದರು. ದೇಶ ಆ ದಾರಿ ಹಿಡಿಯಲಿಲ್ಲ.

ಲಿಪಿ ಬದಲಾವಣೆ ನಮ್ಮ ನೆರೆಯಲ್ಲೂ ಆಗಿದೆ, ಕಾನೂನಿಲ್ಲದೆ, ಸದ್ದಿಲ್ಲದೆ. ಕರಾವಳಿ ಮತ್ತು ಮಲೆನಾಡಿನ ತಾಳೆಗರಿಗಳಲ್ಲಿ ಬಳಕೆಯಲ್ಲಿದ್ದ ತಿಗಳಾರಿ ಲಿಪಿಯಲ್ಲಿ ಸಂಸ್ಕೃತವನ್ನೂ ತುಳುವನ್ನೂ ಬರೆಯುತ್ತಿದ್ದರು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಬಂತು. ತುಳು ಪುಸ್ತಕಗಳು ಕನ್ನಡ ಅಕ್ಷರದಲ್ಲಿ ಅಚ್ಚಾದವು, ತುಳುವಿನ ಬರಹಕ್ಕೆ ಕನ್ನಡ ಲಿಪಿಯೇ ರೂಢಿಯಾಯಿತು. ಅನುಕೂಲವಾಯಿತು, ನಿಜ. ಆದರೆ ಮೇಲೆ ಹೇಳಿದ ಆ ಗಿಡ್ಡ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ಅರ್ಧಾಕ್ಷರದ ಗುರುತಿನಿಂದಲೇ ತೃಪ್ತಿಪಡಬೇಕಾಯಿತು. ತುಳು ಬಲ್ಲವರು ಅದನ್ನು ಸ್ವರವಾಗಿ ಓದುತ್ತಾರೆ, ಬಾರದವರು ನುಂಗಿಬಿಡುತ್ತಾರೆ. 2024ರಲ್ಲಿ ತುಳು-ತಿಗಳಾರಿ ಲಿಪಿಗೆ ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ಸ್ಥಾನ ದೊರೆತದ್ದು ಸಂತೋಷದ ಸಂಗತಿ.

ಈಗ ಸರದಿ ಕನ್ನಡದ್ದು. ನಿಮ್ಮ ಮನೆಯ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಕಳುಹಿಸುವ ಸಂದೇಶಗಳನ್ನು ನೋಡಿದ್ದೀರಲ್ಲ? ಭಾಷೆ ಕನ್ನಡ, ಅಕ್ಷರ ಇಂಗ್ಲಿಷಿನದು. ಎಚ್, ಎ, ಎಲ್, ಎಲ್, ಐ ಎಂದು ಬರೆದರೆ ಅದು ಹಳ್ಳಿಯೋ ಹಲ್ಲಿಯೋ? ಕಲ್ಲಿಗೂ ಕಳ್ಳಿಗೂ ಒಂದೇ ಕಾಗುಣಿತ. ಲಕಾರ ಳಕಾರ ಒಂದಾಯಿತು, ನಕಾರ ಣಕಾರ ಒಂದಾಯಿತು, ಹ್ರಸ್ವ ದೀರ್ಘ ಬೆರೆತುಹೋಯಿತು. ‘ಪಾಷಾ ಆದ’, ‘ಪಾಷಾ ಸತ್ತ’ ಎಂಬ ಹಳೆಯ ಗೊಂದಲವನ್ನು ತುರ್ಕರು ಶ್ರಮಪಟ್ಟು ಬಿಟ್ಟರು. ನಾವು ಅಂಥದನ್ನೇ ಸಲೀಸಾಗಿ ಮನೆಗೆ ಕರೆದುಕೊಳ್ಳುತ್ತಿದ್ದೇವೆ.

ತುರ್ಕರು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಒಂದನ್ನು ಒಪ್ಪಬೇಕು. ಅವರು ಎರವಲು ಅಕ್ಷರಗಳನ್ನು ಹಾಗೆಹಾಗೇ ತೆಗೆದುಕೊಳ್ಳಲಿಲ್ಲ. ತಮ್ಮ ಬಾಯಲ್ಲಿರುವ ಪ್ರತಿಯೊಂದು ಧ್ವನಿಯನ್ನೂ ಎಣಿಸಿ, ಕೆಲವಕ್ಕೆ ಬಾಲ ಕೊಟ್ಟು, ಕೆಲವಕ್ಕೆ ಚುಕ್ಕೆಯಿಟ್ಟು, ಒಂದರ ಚುಕ್ಕೆ ತೆಗೆದು, ಒಂದಕ್ಕೆ ಬೋಗುಣಿ ಹೊರಿಸಿ ತಮ್ಮದನ್ನಾಗಿ ಮಾಡಿಕೊಂಡರು. ಇಷ್ಟಾದರೂ ಅಜ್ಜನ ಕಾಗದದ ಬೆಲೆ ತೆರಬೇಕಾಯಿತು. ನಾವು ಒಂದೂ ಧ್ವನಿಯನ್ನು ಎಣಿಸದೆ ಅದೇ ಬೆಲೆ ತೆರಲು ಹೊರಟಿದ್ದೇವೆ.

ನಿಮ್ಮ ಮೊಬೈಲಿನಲ್ಲಿ ಕನ್ನಡದ ಕೀಲಿಮಣೆ ಹಾಕಿಕೊಳ್ಳಲು ಎರಡು ನಿಮಿಷ ಸಾಕು. ಮಕ್ಕಳಿಗೂ ಹಾಕಿಕೊಡಿ. ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಅತ್ತಿಗುಂಡಿಯಲ್ಲಿ ಇಳಿದು, ಒಂದು ಲೋಟ ಕಾಪಿ ಕುಡಿದು, ‘ಕಾಪಿ ಚೆನ್ನಾಗಿದೆ’ ಎಂದು ಮನೆಗೊಂದು ಸಂದೇಶ ಕಳುಹಿಸಿ. ಕನ್ನಡದ ಅಕ್ಷರದಲ್ಲೇ ಕಳುಹಿಸಿ. ‘ಪ’ ಬರೆಯುತ್ತೀರೋ ‘ಫ’ ಬರೆಯುತ್ತೀರೋ ಅದು ನಿಮ್ಮ ಬಾಯಿಗೆ ಬಿಟ್ಟದ್ದು.